ಕೆಳಗಿನ ಮನೆಯ ಛತ್ತು

ಹೊಸ ಮನೆಗೆ ಕಾಲಿಟ್ಟ ಕೂಡಲೇ ಜನ ನೆಲ ನೋಡುತ್ತಾರೆ, ಬಾಗಿಲಿನ ಕೆತ್ತನೆ ನೋಡುತ್ತಾರೆ, ಅಡುಗೆಮನೆಯ ಕಟ್ಟೆಯ ಕಲ್ಲನ್ನು ಕೈಯಿಂದ ಸವರಿ ತಲೆದೂಗುತ್ತಾರೆ. ನಾನು ಮಾತ್ರ ಮೇಲೆ ನೋಡುತ್ತೇನೆ. ಒಳಗೆ ನಿಂತರೆ ತಲೆಯ ಮೇಲೆ ಕಾಣುವ ಚಾವಣಿಗೆ ನಮ್ಮ ಕಡೆ ಛತ್ತು ಎನ್ನುತ್ತೇವೆ. ಮನೆಯವರು ಚಹಾ ತಂದು ಮುಂದೆ ನಿಂತರೂ ನನ್ನ ಕಣ್ಣು ಛತ್ತಿನಿಂದ ಇಳಿಯುವುದಿಲ್ಲ. ಮದುವೆಗೆ ಹೋದಲ್ಲೂ ಅಕ್ಷತೆಯ ಅಕ್ಕಿಕಾಳು ಕೈಯಲ್ಲಿ ಹಿಡಿದುಕೊಂಡು ಮೇಲೆ ನೋಡುತ್ತ ನಿಂತು, ಮಗಳ ಕೈಯಲ್ಲಿ ಬೈಸಿಕೊಂಡಿದ್ದೇನೆ.

ನಾನು ಬಣ್ಣದ ಕೆಲಸದವಳು. ತವರು ಮಹಾರಾಷ್ಟ್ರದೊಳಗಿನ ಮೈಂದರ್ಗಿ. ಅಲ್ಲಿಯ ಕನ್ನಡ ಶಾಲೆಯಲ್ಲಿ ಹತ್ತನೆಯವರೆಗೆ ಓದಿದ್ದರಿಂದ ಇದನ್ನು ಕನ್ನಡದಲ್ಲಿ ಬರೆಯುತ್ತಿದ್ದೇನೆ. ಮಗಳು ಮರಾಠಿಯಲ್ಲಿ ಕಲಿತವಳು, ಅವಳಿಗೆ ಇದನ್ನು ನಾನೇ ಓದಿ ಹೇಳಬೇಕು. ಗಂಡನ ಮನೆ ಮಂದ್ರೂಪ, ಕುರಿ ಕಾಯುವ ಮನೆತನ, ಬೀರೋಬಾ ದೇವರ ಒಕ್ಕಲು. ಗಂಡ ಕುರಿಗಳ ಹಿಂದೆ ಹೋದರೆ ನಾನು ಬೆಳಗಿನ ಬಸ್ಸು ಹತ್ತಿ ಸೊಲ್ಲಾಪುರಕ್ಕೆ ಬಣ್ಣ ಬಳಿಯಲು ಹೋಗುತ್ತಿದ್ದೆ. ಸಿಟ್ಟು ನನಗೆ ಮೂಗಿನ ತುದಿಯಲ್ಲೇ ಇದೆ. ಅದನ್ನು ಮುಚ್ಚಿಟ್ಟು ಬರೆಯುವುದು ನನ್ನಿಂದಾಗದು.

ಕೆಲಸ ಕಲಿತದ್ದು ಸೊಲ್ಲಾಪುರದ ಒಬ್ಬ ಹಿರಿಯ ಮಿಸ್ತ್ರಿಯ ಕೈಕೆಳಗೆ. ಮುಂದೆ ನಿಂತು ಕೆಲಸ ಮಾಡಿಸುವವರಿಗೆ ಮಿಸ್ತ್ರಿ ಎನ್ನುತ್ತಾರೆ. ನಾನು ಅವರನ್ನು ಮಾಮಾ ಎನ್ನುತ್ತಿದ್ದೆ, ಅವರು ನನ್ನನ್ನು ಪೋರಿ ಎನ್ನುತ್ತಿದ್ದರು. ಎರಡು ಮಕ್ಕಳನ್ನು ಹೆತ್ತ ಮೇಲೂ ನಾನು ಅವರಿಗೆ ಪೋರಿಯೇ. ಅವರ ಕೈ ಬಹಳ ಚೆಂದ. ಗೋಡೆಯ ಅಂಚಿನಲ್ಲಿ ದಾರ ಹಿಡಿಯದೆ ನೇರ ಗೆರೆ ಎಳೆಯುವವರನ್ನು ನಾನು ಅವರೊಬ್ಬರನ್ನೇ ನೋಡಿದ್ದು. ಆದರೆ ಮೈತುಂಬ ಅವಸರ. ಆತುರಗಾರನಿಗೆ ಬುದ್ಧಿ ಮಟ್ಟ ಎಂದು ನನ್ನ ಅತ್ತೆ ಸುಮ್ಮನೆ ಹೇಳುತ್ತಿರಲಿಲ್ಲ.

ಸೊಲ್ಲಾಪುರದ ಹೊರಗಿನ ಚಿಂಚೋಳಿ ಎಂಐಡಿಸಿಯ ಕಾರ್ಖಾನೆಗಳ ಹತ್ತಿರ ಒಬ್ಬ ಮಾಸ್ತರರು ಹೊಸ ಮನೆ ಕಟ್ಟಿಸಿದ್ದರು. ಛತ್ತಿಗೆ ಮೆತ್ತಿದ ಸಿಮೆಂಟಿನ ಗಿಲಾವು ಇನ್ನೂ ಪೂರ್ತಿ ಒಣಗಿರಲಿಲ್ಲ. ಅಂಗೈ ಇಟ್ಟರೆ ತಣ್ಣಗೆ ತಾಗುತ್ತಿತ್ತು, ಒರೆಸಿದರೆ ಉಪ್ಪಿನಂಥ ಬಿಳಿ ಪುಡಿ ಬರುತ್ತಿತ್ತು. ಬಣ್ಣ ಹಚ್ಚುವ ಮೊದಲು ಗಿಲಾವಿನ ಬಾಯಿ ಮುಚ್ಚಲು ಪ್ರೈಮರ್ ಬಳಿಯಬೇಕು. ನಮ್ಮ ಕೆಲಸದವರು ಅದಕ್ಕೆ ಅಸ್ತರ ಎನ್ನುತ್ತಾರೆ. ನಾನು ಅಸ್ತರದ ಡಬ್ಬಿ ತೆರೆಯಲು ಹೋದೆ. ಮಾಮಾ ಕೈ ಹಿಡಿದರು.

"ಛತ್ತಿಗೆ ಅಸ್ತರ ಯಾಕ ಬೇಕ ಪೋರಿ? ಗ್ವಾಡಿಗಾದ್ರ ಮಂದಿ ಕೈ ಹಚ್ತಾರ. ಛತ್ತಿಗೆ ಯಾರ ಹೋಗಿ ಕೈ ಹಚ್ತಾರ? ಲಗೂನ ಬಣ್ಣ ಹೊಡಿ, ನಾಳಿ ಬ್ಯಾರೆ ಕಡೆ ಹೋಗೋದದ."

ನಾನು ಹೊಡೆದೆ. ಆಗ ಎದುರಾಡುವ ಧೈರ್ಯ ಇರಲಿಲ್ಲ. ಮೊದಲ ಮಳೆಗಾಲದಲ್ಲೇ ಆ ಛತ್ತಿನ ಬಣ್ಣ ಹಾಳೆ ಹಾಳೆಯಾಗಿ ಮಾಸ್ತರರ ಮಂಚದ ಮೇಲೆ, ಒಗೆದಿಟ್ಟ ಬಟ್ಟೆಗಳ ಮೇಲೆ, ಹಿಟ್ಟಿನ ಡಬ್ಬಿಯಲ್ಲಿ ಬಿತ್ತು. ಮಾಸ್ತರರು ನಮ್ಮಿಬ್ಬರನ್ನೂ ಕರೆಸಿದರು. ಮಾಮಾ ಒಮ್ಮೆ ಮೇಲೆ ನೋಡಿದರು, ಒಮ್ಮೆ ನನ್ನನ್ನು ನೋಡಿದರು.

"ಬಣ್ಣ ಕಲಸಿದಾಕಿ ಈಕಿ ನೋಡ್ರಿ. ನೀರ ಜಾಸ್ತಿ ಹಾಕ್ಯಾಳ. ಹೆಣ್ಮಕ್ಕಳ ಕೈಯಾಗ ಇಂಥಾ ಕೆಲಸ ಕೊಟ್ಟಿದ್ದು ನನ್ನ ಚೂಕ."

ಮಾಸ್ತರರ ಹೆಂಡತಿ ಮೂಲೆಯತ್ತ ಬೆರಳು ತೋರಿಸಿದರು. "ಕಸಬರಿಗಿ ಅಲ್ಲದ. ಕೆಡಿಸಿದಾಕಿನ ಉಡುಗು."

ನಾನು ಆ ಮನೆಯ ಮೂರು ಕೋಣೆ ಉಡುಗಿದೆ. ಆವತ್ತಿನ ಅವಮಾನ ನೆನೆದರೆ ಈಗಲೂ ಕಿವಿ ಬಿಸಿಯಾಗುತ್ತದೆ. ಕುಣಿಯಲಾರದವಳು ನೆಲ ಡೊಂಕು ಅಂದಳಂತೆ. ಇಲ್ಲಿ ಕುಣಿದವರು ಅವರು, ಡೊಂಕಾದ ನೆಲ ನಾನು. ಆ ಮಾತು ಸೊಲ್ಲಾಪುರದ ಬಣ್ಣದ ಅಂಗಡಿಗಳಿಗೆಲ್ಲ ತಲುಪಿತು. ಅಂಗಡಿಯ ಮೆಟ್ಟಿಲ ಬಳಿ ಕೆಲಸಕ್ಕೆಂದು ನಿಂತರೆ, ಈಕಿ ಕಲಸಿದ ಬಣ್ಣ ನಿಲ್ಲಂಗಿಲ್ಲ ಎಂದು ನಗುತ್ತಿದ್ದರು. ಮುಂದೆ ಎರಡು ವರ್ಷ ನನಗೆ ಕಂಪೌಂಡ್ ಗೋಡೆ, ಕಬ್ಬಿಣದ ಗೇಟು ಬಿಟ್ಟರೆ ಬೇರೆ ಕೆಲಸ ಸಿಗಲಿಲ್ಲ. ಮನೆಯೊಳಗೆ ಯಾರೂ ಕರೆಯಲಿಲ್ಲ. ಅಲ್ಲಿಗೆ ನನಗೆ ಒಂದೇ ಹಟ ಹಿಡಿಯಿತು: ನನ್ನ ಕೈಯ ಮೇಲೆ ಬಿದ್ದ ಈ ಮಾತು ಹೋಗಬೇಕು, ಹಾಕಿದವರ ಬಾಯಿಂದಲೇ ಹೋಗಬೇಕು.

ಉಡುಗುವಾಗ ಒಂದು ಚೂರನ್ನು ಸೆರಗಿನಲ್ಲಿ ಕಟ್ಟಿಕೊಂಡು ಬಂದಿದ್ದೆ. ಮನೆಯಲ್ಲಿ ಅದನ್ನು ತಿರುಗಿಸಿ ನೋಡಿದೆ. ಮುಂದಿನಿಂದ ನುಣ್ಣಗಿನ ಬಣ್ಣ, ಹಿಂದೆ ಬರೀ ಹಿಟ್ಟು. ಬಣ್ಣ ಗಿಲಾವನ್ನು ಹಿಡಿದೇ ಇರಲಿಲ್ಲ, ಅದರ ಮೇಲಿನ ಪುಡಿಯನ್ನು ಹಿಡಿದಿತ್ತು. ನಾನು ಹಾಕಿದ ನೀರಿಗೂ ಇದಕ್ಕೂ ಸಂಬಂಧವೇ ಇಲ್ಲ ಎಂದು ಆಗ ಗೊತ್ತಾಯಿತು. ಗೊತ್ತಾಗಿ ಏನು ಮಾಡಲಿ? ನನ್ನ ಮಾತು ಕೇಳುವವರು ಯಾರೂ ಇರಲಿಲ್ಲ.

ಆದರೂ ನನಗಾದರೂ ಪಕ್ಕಾ ತಿಳಿಯಬೇಕಲ್ಲ. ಮಂದ್ರೂಪದ ನಮ್ಮ ಮನೆಯಲ್ಲಿ ಹೊಸದಾಗಿ ಒಂದೇ ಒಂದು ಕೋಣೆಗೆ ಸ್ಲ್ಯಾಬ್ ಹಾಕಿಸಿದ್ದೆವು. ಅದರ ಛತ್ತಿನ ಮೇಲೆ ನಾಲ್ಕು ಚೌಕ ಬರೆದೆ. ಒಂದರಲ್ಲಿ ಹಸಿ ಗಿಲಾವಿನ ಮೇಲೆ ನೇರ ಬಣ್ಣ. ಇನ್ನೊಂದರಲ್ಲಿ ಸುಣ್ಣ ಬಳಿದು ಅದರ ಮೇಲೆ ಬಣ್ಣ. ಮೂರನೆಯದರಲ್ಲಿ ಒಣಗಿಸಿದೆ, ಆದರೆ ಅಸ್ತರ ಬಿಟ್ಟೆ. ನಾಲ್ಕನೆಯದನ್ನು ಉಜ್ಜಿ, ಒರೆಸಿ, ಚೆನ್ನಾಗಿ ಒಣಗಿಸಿ, ಎರಡು ಸಲ ಅಸ್ತರ ಹಾಕಿ ಆಮೇಲೆ ಬಣ್ಣ ಹಚ್ಚಿದೆ. ಅತ್ತೆ ಬಂದು ನೋಡಿ, ಇವಳಿಗೆ ತಲೆ ಕೆಟ್ಟಿತು ಎಂದು ಗಲ್ಲದ ಮೇಲೆ ಕೈ ಇಟ್ಟುಕೊಂಡರು. ನನ್ನ ಗಂಡ ಮಾತ್ರ ಅದರ ಕೆಳಗೇ ಹಾಸಿಗೆ ಹಾಸಿದ. ಮಳೆಗಾಲ ಬಂತು. ದಿನಾ ಬೆಳಿಗ್ಗೆ ಅವನೇ ನನಗೆ ವರದಿ ಒಪ್ಪಿಸತೊಡಗಿದ.

"ಇವತ್ತ ಎರಡನೇದ್ದು ನನ್ನ ಮಾರಿ ಮ್ಯಾಲ ಬಿತ್ತು ನೋಡ. ಮೀಸ್ಯಾಗೆಲ್ಲಾ ಸುಣ್ಣ."

ವಾರ ಕಳೆದ ಮೇಲೆ ಒಂದನೆಯದು ಬಿತ್ತು. ಮೂರನೆಯದು ಗುಳ್ಳೆಯೆದ್ದು ಜೋತುಬಿತ್ತು. ಗಂಡ ಹಾಸಿಗೆ ಸುತ್ತಿ ನಾಲ್ಕನೆಯ ಚೌಕದ ಕೆಳಗೆ ಒಯ್ದು ಹಾಸಿಕೊಂಡ. "ನಾ ಇನ್ನ ಇಲ್ಲೇ ಮಲಗಾಂವ. ಈ ಜಾಗಾ ಭಾರೀ ಚಲೋ ಅದ," ಅಂದ. ನನ್ನ ಕೆಲಸವನ್ನು ಮೊದಲು ನಂಬಿದವನು ಅವನು. ಅದನ್ನು ಅವನಿಗೆ ಬಾಯಿಬಿಟ್ಟು ಹೇಳಿಲ್ಲ, ಇಲ್ಲಿ ಬರೆಯುತ್ತಿದ್ದೇನೆ.

ಎರಡು ವರ್ಷದ ಮೇಲೆ ಮಾಮಾ ತಾವಾಗಿ ಕರೆ ಕಳಿಸಿದರು. ಸೊಲ್ಲಾಪುರದ ಬಟ್ಟೆ ವ್ಯಾಪಾರದ ಸಾವ್ಕಾರರೊಬ್ಬರು ಅಕ್ಕಲಕೋಟದಲ್ಲಿ ಎರಡಂತಸ್ತಿನ ಮನೆ ಕಟ್ಟಿಸಿದ್ದರು. ಹದಿನೇಳು ದಿನಕ್ಕೆ ಗೃಹಪ್ರವೇಶದ ವಾಸ್ತುಶಾಂತಿ ನಿಗದಿಯಾಗಿತ್ತು. ಮಾಮಾನ ಕೆಲಸಗಾರರೆಲ್ಲ ಎಂಐಡಿಸಿಯ ಗೋದಾಮುಗಳ ಕೆಲಸಕ್ಕೆ ಹೋಗಿಬಿಟ್ಟಿದ್ದರು. ಬೇರೆ ಯಾರೂ ಸಿಗಲಿಲ್ಲ, ಅದಕ್ಕೇ ನನ್ನ ನೆನಪಾಗಿತ್ತು. ನಾನು ಹೋದೆ. ಹೋಗಿ, ಸಾವ್ಕಾರರ ಎದುರಿಗೇ ಹೇಳಿದೆ.

"ಮಾಮಾ, ಮ್ಯಾಲಿನ ಮನಿ ನಿಮ್ದು. ಕೆಳಗಿನ ಮನಿ ಛತ್ತು ನಂದು. ಅದಕ ನೀವು ಕೈ ಹಾಕಂಗಿಲ್ಲ, ಬಾಯೀನೂ ಹಾಕಂಗಿಲ್ಲ."

ಮಾಮಾ ನಕ್ಕರು. "ಕೊಡ್ರಿ ಸಾವ್ಕಾರ್ರ, ಕೊಡ್ರಿ. ಬಿದ್ರ ಆಕಿ ತಲಿ ಮ್ಯಾಲನ ಬೀಳ್ತದ."

ಮಂದ್ರೂಪದ ಇಬ್ಬರು ಹೆಂಗಸರನ್ನು ಜೊತೆಗೆ ಕರೆದುಕೊಂಡು ಒಳಗೆ ಕಾಲಿಟ್ಟು ಎಂದಿನಂತೆ ಮೇಲೆ ನೋಡಿದೆ. ಎರಡೂ ಅಂತಸ್ತಿನ ಛತ್ತಿಗೆ ಆಗಲೇ ಸುಣ್ಣ ಬಳಿದಿತ್ತು. ನೀಲಿ ಬೆರೆಸಿದ, ಕಣ್ಣಿಗೆ ತಂಪಾದ ಸುಣ್ಣ. ಸಾವ್ಕಾರರ ತಾಯಿ, ಎಲ್ಲರೂ ಆಯಿ ಎಂದು ಕರೆಯುವ ಎಂಬತ್ತು ದಾಟಿದ ಮುದುಕಿ, ಮುಂದೆ ಕೂತು ಸೊಸೆಯಂದಿರ ಕೈಯಿಂದ ಹಚ್ಚಿಸಿದ್ದರು. ಹೊಸ ಮನೆಗೆ ಮೊದಲ ಬಿಳುಪು ಮನೆಯ ಹೆಣ್ಣುಮಕ್ಕಳ ಕೈಯಿಂದ, ಸುಣ್ಣದ್ದೇ ಆಗಬೇಕು, ಆಮೇಲೆ ಯಾವ ಬಣ್ಣವಾದರೂ ಹಚ್ಚಿ ಎನ್ನುವುದು ಅವರ ಮನೆತನದ ಪದ್ಧತಿ. ಅವರ ಹಳೆಯ ಮನೆಗಳಲ್ಲಿ ಸುಣ್ಣದ ಮೇಲೆ ಮತ್ತೆ ಸುಣ್ಣವೇ ಬೀಳುತ್ತಿತ್ತು, ತೊಂದರೆ ಇರಲಿಲ್ಲ. ಈಗಿನ ಡಬ್ಬಿಯ ಬಣ್ಣ ಆ ಹಿಟ್ಟಿನ ಮೇಲೆ ನಿಲ್ಲುವುದಿಲ್ಲ. ನನ್ನ ಗಂಡನ ಮೀಸೆ ಅದಕ್ಕೆ ಸಾಕ್ಷಿ.

ಮೇಲೆ ಮಾಮಾ ಅದೇ ಸುಣ್ಣದ ಮೇಲೆ, ಮೈ ನುಣುಪು ಮಾಡುವ ಪುಟ್ಟಿ ಎಳೆಯಲು ಶುರುಮಾಡಿದ್ದರು. ಕೆಳಗೆ ನಾನು ಬಕೆಟ್ಟಿನಲ್ಲಿ ನೀರು ತುಂಬಿಸಿ, ಛತ್ತು ತೊಳೆಯಬೇಕು ಅಂದೆ. ಆಯಿ ಕೋಲೂರಿಕೊಂಡು ಬಂದರು.

"ಏನ ಬೇ, ನನ್ನ ಸುಣ್ಣ ತೊಳಿತಿ? ಸುಣ್ಣ ಕಾಣದ ಮನ್ಯಾಗ ಹಾಲ ಉಕ್ಕಸಬೇಕಂತಿ?"

ಉಗುಳುವಂತಿಲ್ಲ, ನುಂಗುವಂತಿಲ್ಲ. ಹಿರಿಯರಿಗೆ ಎದುರು ಮಾತಾಡಿದರೆ ಕೆಲಸ ಹೋಗುತ್ತದೆ, ಸುಮ್ಮನಿದ್ದರೆ ನನ್ನ ಕೈಯ ಮೇಲೆ ಎರಡನೆಯ ಸಲ ಮಾತು ಬೀಳುತ್ತದೆ. ನಾನು ಕರೆಂಟಿನ ವೈರು ಎಳೆಯುತ್ತಿದ್ದವನ ಹತ್ತಿರ ಕರಿ ಟೇಪು ಕೇಳಿ ಒಂದು ಗೇಣು ಹರಿದುಕೊಂಡೆ. ಏಣಿ ಹತ್ತಿ ಛತ್ತಿಗೆ ಒತ್ತಿ ಅಂಟಿಸಿ, ಜಗ್ಗಿ ಕಿತ್ತೆ. ಕರಿ ಟೇಪು ಪೂರ್ತಿ ಬೆಳ್ಳಗಾಗಿತ್ತು. ಕೆಳಗಿಳಿದು ಅದನ್ನು ಆಯಿಯ ಅಂಗೈಯಲ್ಲಿ ಇಟ್ಟೆ.

"ಆಯಿ, ನಿಮ್ಮ ಸುಣ್ಣ ಕೆಟ್ಟದ್ದಲ್ಲರಿ. ಸುಣ್ಣದ ಮ್ಯಾಲ ಸುಣ್ಣ ಕೂಡ್ತದ, ಈ ಬಣ್ಣ ಕೂಡಂಗಿಲ್ಲ. ದೇವರ ಖೋಲಿಗೆ ನಿಮ್ಮ ಸುಣ್ಣನ ಇರ್ಲಿ, ನಾ ಅದನ್ನ ಮುಟ್ಟಂಗಿಲ್ಲ. ಹಾಲ ಅಲ್ಲೇ ಉಕ್ಕಸ್ರಿ. ಉಳದದ್ದು ನನಗ ಬಿಡ್ರಿ."

ಮುದುಕಿ ಬಹಳ ಹೊತ್ತು ಟೇಪನ್ನು ತಿರುಗಿಸಿ ತಿರುಗಿಸಿ ನೋಡಿದರು. "ಬಾಯಿ ಜೋರ ಅದ ನಿಂದು," ಅಂದರು. ಆಮೇಲೆ, "ತೊಳಿ," ಅಂದರು.

ಎರಡು ದಿನ ತೊಳೆದೆವು. ಒದ್ದೆ ಬ್ರಶ್ಶಿನಿಂದ ಉಜ್ಜುವುದು, ಕಬ್ಬಿಣದ ಪಟ್ಟಿಯಿಂದ ಕೆರೆಯುವುದು, ಮತ್ತೆ ಒರೆಸುವುದು. ಸುಣ್ಣದ ನೀರು ಮೊಣಕೈಯಿಂದ ಇಳಿದು ಕಂಕುಳಿಗೆ ಹೋಗಿ ಚರ್ಮ ಉರಿಯುತ್ತಿತ್ತು. ಮೂವರೂ ಕೊಬ್ಬರಿ ಎಣ್ಣೆ ಹಚ್ಚಿಕೊಂಡು ಬರುತ್ತಿದ್ದೆವು. ಸುಣ್ಣ ಹೋದ ಮೇಲೆ ಗಿಲಾವಿನ ನಿಜವಾದ ಮುಖ ಕಂಡಿತು: ಫ್ಯಾನಿನ ಕೊಂಡಿಯ ಸುತ್ತ ಕೂದಲೆಳೆಯ ಬಿರುಕು, ಸ್ಲ್ಯಾಬ್ ಹಾಕುವಾಗ ಹಲಗೆಗೆ ಹೊಡೆದ ಸೆಂಟ್ರಿಂಗಿನ ಮೊಳೆ ಒಳಗೇ ಉಳಿದು ತುಕ್ಕು ಹಿಡಿದ ಏಳೆಂಟು ಕಂದು ಕಲೆ. ಅದನ್ನೆಲ್ಲ ಸುಣ್ಣ ಮುಚ್ಚಿಟ್ಟಿತ್ತು.

ಆಮೇಲೆ ಕಾಯುವುದು. ಇದೇ ಎಲ್ಲಕ್ಕಿಂತ ಕಷ್ಟದ ಕೆಲಸ, ಇದನ್ನು ಕೆಲಸ ಎಂದು ಯಾರೂ ಒಪ್ಪುವುದಿಲ್ಲ. ಕಿಟಕಿ ಬಾಗಿಲು ತೆರೆದಿಟ್ಟು ಛತ್ತು ಒಣಗಲು ಬಿಟ್ಟೆ. ನಾಲ್ಕು ಕಡೆ ಪ್ಲಾಸ್ಟಿಕ್ ಹಾಳೆ ಅಂಟಿಸಿ ಮರುದಿನ ನೋಡುತ್ತಿದ್ದೆ. ಹಾಳೆಯ ಒಳಗೆ ಬೆವರಿದ್ದರೆ ಗಿಲಾವಿನಲ್ಲಿ ಇನ್ನೂ ನೀರಿದೆ ಎಂದು ಅರ್ಥ. ಐದು ದಿನ ಬೆವರಿತು. ಅಷ್ಟರಲ್ಲಿ ಮೇಲಿನ ಛತ್ತು ಹಾಲಿನಂತೆ ಹೊಳೆಯುತ್ತಿತ್ತು. ಮಾಮಾ ಬಾಗಿಲು, ಕಿಟಕಿಗಳಿಗೂ ಬಣ್ಣ ಮುಗಿಸಿ ಮೆಟ್ಟಿಲ ಮೇಲೆ ಕೂತು ತಂಬಾಕು ತಿಕ್ಕುತ್ತಿದ್ದರು. ಕೆಳಗೆ ಬೂದು ಬಣ್ಣದ, ಕಲೆ ಕಲೆಯ ಛತ್ತು. ಸಾವ್ಕಾರರು ಬಂದು ನೋಡಿ ಕೆಂಡವಾದರು.

"ಅರೇ, ಒಂಬತ್ತ ದಿವಸ ಉಳದಾವ! ಮ್ಯಾಲ ದೀಪಾವಳಿ, ಕೆಳಗ ಹಾಳ ಗುಡಿ ಆಗ್ಯದ. ಏನ ಮಾಡಾಕತ್ತೀ ನೀ?"

"ಒಣಗಸಾಕತ್ತೀನ್ರಿ," ಅಂದೆ.

"ಬರೇ ಒಣಗಸೋದೇನ?"

"ಹಸಿ ಮೈಗೆ ಅಂಗಿ ತೊಡಿಸಿದ್ರ ನಿಮಗ ನಡೀತದೇನ್ರಿ ಸಾವ್ಕಾರ್ರ? ಹಾಳಿ ಬೆವರೋದು ನಿಂತ ದಿವಸ ಅಸ್ತರ ಹಚ್ತೀನಿ. ಅದಕ್ಕಿಂತ ಒಂದ ದಿವಸ ಮೊದಲ ಹಚ್ಚಂಗಿಲ್ಲ. ಬ್ಯಾಡಂದ್ರ ಈಗನ ಹೋಗ್ತೀನಿ."

ಹೇಳಿಬಿಟ್ಟೆ. ಅವರು ಹೋಗು ಅಂದಿದ್ದರೆ ಸೊಲ್ಲಾಪುರದಲ್ಲಿ ನನ್ನ ಕಥೆ ಅಲ್ಲಿಗೆ ಮುಗಿಯುತ್ತಿತ್ತು. ಅವರು ಏನೋ ಗೊಣಗುತ್ತ ಹೊರಗೆ ಹೋದರು.

ಆರನೆಯ ದಿನ ಹಾಳೆ ಒಣಗಿತ್ತು. ಬಿರುಕುಗಳನ್ನು ಬಿಡಿಸಿ ತುಂಬಿದೆ. ತುಕ್ಕಿನ ಕಲೆಗಳಿಗೆ ಎಣ್ಣೆಯ ಪ್ರೈಮರ್ ಮುಟ್ಟಿಸಿದೆ, ಇಲ್ಲವಾದರೆ ಆ ಕಂದು ಎಷ್ಟು ಬಣ್ಣ ಹಚ್ಚಿದರೂ ಹೊರಗೆ ಇಣುಕುತ್ತದೆ. ಮರುದಿನ ಅಸ್ತರದ ಮೊದಲ ಕೈ ತೆಳ್ಳಗೆ ಬಳಿದೆವು. ಬಾಯಾರಿದ ಗಿಲಾವು ಅದನ್ನು ನೋಡುನೋಡುತ್ತಲೇ ಕುಡಿದುಬಿಟ್ಟಿತು. ಒಣಗಿಸಿ, ಪಾಲಿಶ್ ಪೇಪರಿನಿಂದ ತಿಕ್ಕಿ, ಧೂಳು ಒರೆಸಿ ಎರಡನೆಯ ಕೈ. ಅಂಗೈಯಿಂದ ಉಜ್ಜಿದೆ, ಪುಡಿ ಬರಲಿಲ್ಲ. ಕರಿ ಟೇಪು ಅಂಟಿಸಿ ಕಿತ್ತೆ, ಟೇಪು ಕರ್ರಗೇ ಬಂತು. ಆ ಟೇಪು ನೋಡಿ ನನಗೆ ಹಾಲು ಕುಡಿದಷ್ಟು ಸಂತೋಷವಾಯಿತು. ಕೊನೆಯ ಬಣ್ಣ ಮುಗಿದಾಗ ವಾಸ್ತುಶಾಂತಿಗೆ ಎರಡು ದಿನ ಬಾಕಿ ಇತ್ತು.

ವಾಸ್ತುಶಾಂತಿಯ ದಿನ ಕೆಳಗಿನ ಪಡಸಾಲೆಯಲ್ಲಿ ಹೋಮ. ತುಪ್ಪದ ಹೊಗೆ ಎದ್ದು ನನ್ನ ಬೆಳ್ಳನೆಯ ಛತ್ತಿಗೆ ಬಡಿಯುವುದನ್ನು ನೋಡಲಾರದೆ ನಾನು ಅಂಗಳಕ್ಕೆ ಹೋಗಿ ನಿಂತೆ. ಊಟ ಮೇಲಿನ ಮನೆಯಲ್ಲಿ. ತಾರಸಿ ಗಚ್ಚಿಯ ಮೇಲೆ ಅಡುಗೆ ಮಾಡಿ, ಕುದಿಯುವ ಕಟ್ಟಿನ ಸಾರು, ಬಿಸಿ ಅನ್ನದ ದೊಡ್ಡ ದೊಡ್ಡ ಪಾತ್ರೆಗಳನ್ನು ತಂದು ಊಟದ ಕೋಣೆಯಲ್ಲೇ ಇಟ್ಟಿದ್ದರು. ನೂರು ಮಂದಿಯ ಉಸಿರು, ಮೇಲೆ ಆ ಉಗಿ. ಯಾರೋ ಕಿಟಕಿ ತೆಗೆಯಲು ಹೋದರೆ ಒಂದೂ ತೆರೆಯಲಿಲ್ಲ. ಮಾಮಾ ಅವಸರದಲ್ಲಿ ಕಿಟಕಿಯ ಕದಕ್ಕೂ ಚೌಕಟ್ಟಿಗೂ ಸೇರಿಸಿ ಬಣ್ಣ ಬಳಿದು ಅವನ್ನು ಗಟ್ಟಿಯಾಗಿ ಅಂಟಿಸಿದ್ದರು.

ನಾನು ಹೋಳಿಗೆಯ ಬುಟ್ಟಿ ಹಿಡಿದು ಬಡಿಸುತ್ತಿದ್ದೆ. ಮೊದಲ ಚೂರು ಸೊಲ್ಲಾಪುರದಿಂದ ಬಂದ ಒಬ್ಬ ವ್ಯಾಪಾರಿಯ ಎಲೆಯ ಅಂಚಿಗೆ ಬಿತ್ತು. ಅವರು ಅದನ್ನು ಹಪ್ಪಳವೆಂದು ಎತ್ತಿ ಮುರಿದರು. ಆವತ್ತು ಹಪ್ಪಳ ಮಾಡಿರಲೇ ಇಲ್ಲ. ಅವರು ಬಾಯಿಗೆ ಇಡುವಷ್ಟರಲ್ಲಿ ಹೆಂಡತಿ ಕೈ ಹಿಡಿದರು, ಇಬ್ಬರೂ ಮೇಲೆ ನೋಡಿದರು. ಛತ್ತು ರೊಟ್ಟಿಯ ಹಾಗೆ ಉಬ್ಬಿತ್ತು. ಇನ್ನೆರಡು ಚೂರು ಬಿದ್ದವು. ಆಮೇಲೆ ಟವೆಲ್ಲಿನಷ್ಟು ಅಗಲದ ಒಂದು ತುಂಡು, ಪುಟ್ಟಿ ಸಮೇತ, ಮೊದಲ ಪಂಕ್ತಿಯಲ್ಲಿ ಬಿಳಿ ಟೋಪಿ ಹಾಕಿಕೊಂಡು ಕೂತಿದ್ದ ಮಾಮಾನ ಹೆಗಲ ಮೇಲೇ ಬಂದು ಕೂತಿತು. ಕೋಣೆಯಲ್ಲಿ ಕೂಗಾಟ ಎದ್ದಿತು. ಹೆಂಗಸರು ಎಲೆಗಳ ಮೇಲೆ ಸೆರಗು ಹಿಡಿದರು. ನನಗೆ ನಗು ತಡೆಯಲಾಗಲಿಲ್ಲ. ಬುಟ್ಟಿಯನ್ನು ಮುಖಕ್ಕೆ ಅಡ್ಡ ಹಿಡಿದು ನಕ್ಕೆ. ದೇವರು ನನ್ನನ್ನು ಕ್ಷಮಿಸಲಿ, ಅಷ್ಟು ಸುಖವಾಗಿ ನಾನು ಜನ್ಮದಲ್ಲಿ ನಕ್ಕಿರಲಿಲ್ಲ.

"ಎಲ್ಲಾರೂ ಕೆಳಗ ನಡೀರಿ," ಎಂದು ಸಾವ್ಕಾರರು ಕೂಗಿದರು.

ನೂರು ಮಂದಿ ಕೆಳಗಿಳಿದು ಬಂದು ಹೋಮದ ಪಡಸಾಲೆಯಲ್ಲಿ ಕೂತರು. ಅನ್ನ, ಸಾರು, ಉಗಿ ಎಲ್ಲವೂ ಅವರ ಹಿಂದೆ ಇಳಿದು ಬಂದವು. ಎಲ್ಲರೂ ಮೊದಲು ಮೇಲೆ ನೋಡಿ ಆಮೇಲೆ ಕೂತರು. ಹೋಮಕುಂಡದ ನೇರಕ್ಕೆ ಸ್ವಲ್ಪ ಹೊಗೆ ಹಿಡಿದಿತ್ತು, ಅಷ್ಟೇ. ಆಯಿಯ ಸೊಸೆಯೊಬ್ಬರು ಏಣಿ ಹತ್ತಿ ಒದ್ದೆ ಬಟ್ಟೆಯಿಂದ ಒರೆಸಿದರು. ಕಪ್ಪು ಹೋಯಿತು, ಬಣ್ಣ ಇದ್ದಲ್ಲೇ ಇತ್ತು. ಮೂರು ಪಂಕ್ತಿ ಊಟವಾಯಿತು. ಒಂದು ಕಣ ಬೀಳಲಿಲ್ಲ.

ಊಟದ ಮೇಲೆ ಆಯಿ ಮೇಲಿನಿಂದ ಒಂದು ತುಂಡು ತರಿಸಿ, ಅದರ ಬೆನ್ನನ್ನು ಬೆರಳಿನಿಂದ ಉಜ್ಜಿದರು. ಬೆರಳು ನೀಲಿ ಬಿಳುಪಾಯಿತು. ಬೀಗರು, ನೆಂಟರು ಎಲ್ಲರ ಎದುರಿಗೆ ಆ ಮುದುಕಿ ತಲೆ ತಗ್ಗಿಸಿದರು.

"ಇದು ನನ್ನ ಸುಣ್ಣ. ನನ್ನ ಹಟದಿಂದ ಮಂದಿ ಎಲಿ ಮ್ಯಾಲ ಮಣ್ಣ ಬಿತ್ತು. ತಪ್ಪ ನಂದು."

ಮಾಮಾ ಗೋಡೆಗೆ ಒರಗಿ ನಿಂತಿದ್ದರು, ಹೆಗಲ ಮೇಲೆ ಇನ್ನೂ ಬಿಳಿ ಪುಡಿ. ಈಗಲೂ ಇವರು ಸುಮ್ಮನಿದ್ದರೆ ನಾನೇ ಎದ್ದು ಚಿಂಚೋಳಿಯದನ್ನೆಲ್ಲ ಕೂಗಿ ಹೇಳುವವಳಿದ್ದೆ. ನಾಲಿಗೆಯ ತುದಿಗೆ ಬಂದಿತ್ತು. ಅಷ್ಟರಲ್ಲಿ ಅವರು ಟೋಪಿ ತೆಗೆದು ಕೈಯಲ್ಲಿ ಹಿಡಿದುಕೊಂಡು ಮುಂದೆ ಬಂದರು.

"ಆಯಿ, ನಿಮ್ಮ ಸುಣ್ಣದ್ದು ಏನೂ ತಪ್ಪಿಲ್ಲರಿ. ಸುಣ್ಣ ಅದ ಅಂತ ನನಗ ಗೊತ್ತಿತ್ತು. ತೊಳಿಬೇಕಂತಾನೂ ಗೊತ್ತಿತ್ತು. ನಾ ತೊಳಿಲಿಲ್ಲ, ಅಸ್ತರಾನೂ ಹಾಕಲಿಲ್ಲ." ಅವರು ನನ್ನ ಕಡೆ ಕೈ ತೋರಿಸಿದರು. "ಹಿಂದ ಚಿಂಚೋಳಿ ಮಾಸ್ತರ ಮನ್ಯಾಗೂ ಈಕಿ ಅಸ್ತರ ಹಚ್ತೀನಿ ಅಂದಾಗ ಬ್ಯಾಡ ಅಂದಾಂವ ನಾನ. ಬಿದ್ದ ಮ್ಯಾಲ ಈಕಿ ಮ್ಯಾಲ ಹಾಕ್ದೆ. ಈಕಿ ಕೈದು ಏನೂ ತಪ್ಪಿದ್ದಿಲ್ಲ."

ನಾನು ಇಂಥ ದಿನಕ್ಕಾಗಿ ಎರಡು ವರ್ಷ ಎಷ್ಟೋ ಬೈಗುಳ ಕೂಡಿಟ್ಟಿದ್ದೆ. ಒಂದೂ ಬಾಯಿಗೆ ಬರಲಿಲ್ಲ. ಕಣ್ಣಲ್ಲಿ ನೀರು ಬಂತು, ಅದನ್ನು ಒರೆಸಲೂ ಮನಸ್ಸಾಗಲಿಲ್ಲ. ಗೆದ್ದೆ ಎಂದು ಅನ್ನಿಸಿತು. ಮನಸ್ಸು ತುಂಬ ಹಾಗೆ ಅನ್ನಿಸಿತು.

ಹಪ್ಪಳ ಮುರಿದ ವ್ಯಾಪಾರಿಯ ಹೆಂಡತಿ ಎದ್ದು ನನ್ನ ಹತ್ತಿರ ಬಂದರು. "ಮಿಸ್ತ್ರಿಬಾಯಿ, ಸೊಲ್ಲಾಪುರದಾಗ ನಮ್ದೂ ಹೊಸಾ ಮನಿ ನಡದದ. ಛತ್ತು ನೀನ ಮಾಡಬೇಕ ನೋಡು. ಎಂಟ ದಿವಸದಾಗ ಆಗ್ತದಲ್ಲಾ?"

ನಾನು ಕಣ್ಣೊರೆಸಿಕೊಂಡೆ. "ಆಗಂಗಿಲ್ಲರಿ. ಗಿಲಾವ ಒಣಗೋತನಕಾ ನಾ ಡಬ್ಬಿ ತೆರಿಯಂಗಿಲ್ಲ. ಅದಕ ಎಷ್ಟ ದಿವಸ ಬೇಕೋ ಅಷ್ಟು ಕೊಡಬೇಕ್ರಿ."

ಆಕೆಗೆ ಅದು ಹಿಡಿಸಲಿಲ್ಲ. ಹೆಣ್ಣುಮಗಳ ಮಾತು ಎಷ್ಟು ನಂಬಬಹುದು ಎನ್ನುವ ಹಾಗೆ ತಿರುಗಿ ಮಾಮಾನ ಮುಖ ನೋಡಿದರು. ಮಾಮಾ ಟೋಪಿಯನ್ನು ಝಾಡಿಸಿ ತಲೆಯ ಮೇಲೆ ಇಟ್ಟುಕೊಂಡರು.

"ನನ್ನ ಏನ ಕೇಳ್ತೀರಿ?" ಅಂದರು. "ಮಿಸ್ತ್ರಿ ಆಕಿ. ಆಕಿ ಹೇಳಿದಂಗ ಮಾಡ್ರಿ."